ಹೊರನಾಡ ಕನ್ನಡ ಸಂಘಗಳು

ಉದ್ಯೋಗ, ವ್ಯಾಪಾರ, ವಿದ್ಯೆ ಅಥವಾ ಬರಗಾಲದ ಕಾರಣಕ್ಕೆ ಕರ್ನಾಟಕ ಬಿಟ್ಟು ಬೇರೆಡೆ ನೆಲಸಿದ ಕನ್ನಡಿಗರು ತಮ್ಮ ನುಡಿ, ಹಬ್ಬ, ಕಲೆಗಳನ್ನು ಉಳಿಸಿಕೊಳ್ಳಲೂ ಕಷ್ಟಕಾಲದಲ್ಲಿ ಒಬ್ಬರಿಗೊಬ್ಬರು ನೆರವಾಗಲೂ ಕಟ್ಟಿಕೊಂಡ ಸಂಸ್ಥೆಗಳಿಗೆ ಹೊರನಾಡ ಕನ್ನಡ ಸಂಘಗಳು ಎಂದು ಹೆಸರು. ಮುಂಬಯಿಯಲ್ಲಿ 20ನೆಯ ಶತಮಾನದ ಆರಂಭದಲ್ಲಿ ಮೊಳೆತ ಈ ಬಗೆಯ ಸಂಸ್ಥೆಗಳು ಇಂದು ಭಾರತದ ದೊಡ್ಡ ನಗರಗಳಲ್ಲೂ ಕೊಲ್ಲಿ ರಾಷ್ಟ್ರಗಳು, ಅಮೆರಿಕ, ಕೆನಡಾ, ಬ್ರಿಟನ್, ಜರ್ಮನಿ, ಸಿಂಗಪುರ, ಆಸ್ಟ್ರೇಲಿಯಾಗಳಲ್ಲೂ ಇವೆ. 2011ರ ಜನಗಣತಿಯಂತೆ ಭಾರತದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 4.37 ಕೋಟಿ. ಅವರಲ್ಲಿ ಸುಮಾರು 30 ಲಕ್ಷ ಮಂದಿ ಕರ್ನಾಟಕದ ಹೊರಗಿನವರು. ತಮಿಳುನಾಡಿನಲ್ಲಿ ಸುಮಾರು 12.8 ಲಕ್ಷ, ಮಹಾರಾಷ್ಟ್ರದಲ್ಲಿ ಸುಮಾರು 10 ಲಕ್ಷ ಕನ್ನಡಿಗರಿದ್ದರು. ಇವರೆಲ್ಲರೂ ವಲಸೆ ಹೋದವರಲ್ಲ. ಗಡಿ ಎಳೆದಾಗ ಆಚೆ ಉಳಿದವರೂ ಈ ಲೆಕ್ಕದಲ್ಲಿ ಸೇರಿದ್ದಾರೆ.

ಪರಿಭಾಷೆ

ಮೂರು ಪದಗಳು ಆಗಾಗ ಒಂದರ ಜಾಗದಲ್ಲಿ ಇನ್ನೊಂದು ಬಳಕೆಯಾಗುತ್ತವೆ. ಗಡಿನಾಡ ಕನ್ನಡಿಗರು ತಮ್ಮ ಊರಲ್ಲೇ ಇದ್ದು ರಾಜ್ಯದ ಗೆರೆಯ ಆಚೆ ಸೇರಿದವರು. ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ತಾಳವಾಡಿ, ಆದವಾನಿ ಸೀಮೆಯವರು ಈ ಗುಂಪಿನವರು. ಹೊರನಾಡ ಕನ್ನಡಿಗರು ಊರು ಬಿಟ್ಟು ಹೋದವರು. ಅವರಲ್ಲೇ ದೇಶ ದಾಟಿದವರಿಗೆ ಅನಿವಾಸಿ ಕನ್ನಡಿಗರು ಎನ್ನುವ ರೂಢಿ. ಗಡಿನಾಡಿನವರ ಹೋರಾಟ ನೆಲಕ್ಕೂ ಶಾಲೆಗೂ ಸಂಬಂಧಪಟ್ಟದ್ದು, ಅದರ ಚರಿತ್ರೆ ಬೇರೆ. ಈ ಲೇಖನದ ವಿಷಯ ಉಳಿದ ಎರಡು ಗುಂಪಿನವರ ಸಂಘಗಳು.

ಉತ್ತರ ಕರ್ನಾಟಕದಲ್ಲಿ ಇನ್ನೊಂದು ಮಾತಿದೆ: ಗುಳೆ. ಮಳೆ ಕೈಕೊಟ್ಟಾಗ ಅಥವಾ ಸುಗ್ಗಿ ಮುಗಿದಾಗ ಮನೆಮಂದಿಯೆಲ್ಲ ದುಡಿಯಲು ಬೇರೆ ಸೀಮೆಗೆ ಹೋಗುವುದೇ ಗುಳೆ. ಹೋದವರು ಬಿತ್ತನೆ ಹೊತ್ತಿಗೆ ಮರಳುತ್ತಾರೆ ಎಂಬ ನಿರೀಕ್ಷೆ ಆ ಮಾತಿನಲ್ಲೇ ಅಡಗಿದೆ. ಸಂಘ ಕಟ್ಟುವವರು ಸಾಮಾನ್ಯವಾಗಿ ಮರಳದೆ ನೆಲೆ ನಿಂತವರು. ಗುಳೆ ಹೋದವರು ಎಷ್ಟು ವರ್ಷವಾದರೂ ತಮ್ಮನ್ನು ನೆಲಸಿದವರೆಂದು ಹೇಳಿಕೊಳ್ಳುವುದಿಲ್ಲ. ಸಂಘಗಳ ಬಗೆ, ಬಲ, ಆಯುಷ್ಯ ಎಲ್ಲವೂ ಬಹುಮಟ್ಟಿಗೆ ಈ ವ್ಯತ್ಯಾಸವನ್ನೇ ಹಿಡಿದು ನಡೆದಿವೆ.

ಹುಟ್ಟು

ಮುಂಬಯಿ ಈ ಸಂಘಗಳ ತವರು. ಕರಾವಳಿಯಿಂದ ಹಡಗಿನಲ್ಲಿ ಬಂದ ಮೊಗವೀರರು 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿದರು. 1926ರಲ್ಲಿ ಮೈಸೂರು ಅಸೋಸಿಯೇಷನ್, 1927ರಲ್ಲಿ ಬಂಟರ ಸಂಘ, 1933ರಲ್ಲಿ ಕರ್ನಾಟಕ ಸಂಘ ಹುಟ್ಟಿದವು. ಈ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಕಾಣುತ್ತದೆ. ಮೊದಲು ಕೂಡಿದ್ದು ಜಾತಿ, ಆಮೇಲೆ ಸಂಸ್ಥಾನ, ಕೊನೆಗೆ ಭಾಷೆ. ಹೊಸ ಊರಿನಲ್ಲಿ ಮೊದಲು ಬೇಕಾದದ್ದು ತಲೆಯ ಮೇಲೊಂದು ಸೂರು, ಕೆಲಸ ಕೊಡಿಸುವ ಒಬ್ಬ ಪರಿಚಿತ, ಸಾವಾದರೆ ಹೆಗಲು ಕೊಡುವ ನಾಲ್ವರು. ಅದನ್ನು ಒದಗಿಸಿದವರು ಜಾತಿಬಾಂಧವರು. ಸಾಹಿತ್ಯ, ನಾಟಕಗಳ ಸರದಿ ಬಂದದ್ದು ಹೊಟ್ಟೆ ತುಂಬಿದ ಮೇಲೆ.

ಕರ್ನಾಟಕ ಎಂಬ ಹೆಸರಿನ ಚರಿತ್ರೆಯೂ ಗಮನಾರ್ಹ. ರಾಜ್ಯಕ್ಕೆ ಆ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಮುಂಬಯಿಯ ಸಂಘ ಅದಕ್ಕೂ 40 ವರ್ಷ ಮೊದಲೇ ಅದನ್ನು ಇಟ್ಟುಕೊಂಡಿತ್ತು. ದೆಹಲಿ ಕರ್ನಾಟಕ ಸಂಘ 1948ರಲ್ಲೇ ಅದೇ ಹೆಸರಿನಿಂದ ಶುರುವಾಯಿತು. ಇತ್ತ ಮೈಸೂರು ಅಸೋಸಿಯೇಷನ್ ಇಲ್ಲವಾದ ಸಂಸ್ಥಾನವೊಂದರ ಹೆಸರನ್ನು ಇಂದಿಗೂ ಬಿಟ್ಟಿಲ್ಲ. ಪುಣೆಯಲ್ಲಿ ಕನ್ನಡ ಸಂಘ 1918ರಲ್ಲಿ ಸ್ಥಾಪನೆಯಾಯಿತು. ಹೈದರಾಬಾದಿನ ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ, ಚೆನ್ನೈನ ತ್ಯಾಗರಾಯನಗರದಲ್ಲಿ ಕರ್ನಾಟಕ ಸಂಘ ಬೆಳೆದವು.

ಕರ್ನಾಟಕದ ಏಕೀಕರಣಕ್ಕೆ ಮುಂಚೆ ಈ ನಗರಗಳು ಕನ್ನಡದ ಮಟ್ಟಿಗೆ ಪೂರ್ತಿ ಹೊರನಾಡೂ ಆಗಿರಲಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ ತಾಲ್ಲೂಕುಗಳೇ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಅವು ಸೇರಿದ್ದ ಅಂದಿನ ವಿಜಾಪುರ (ಇಂದಿನ ವಿಜಯಪುರ) ಜಿಲ್ಲೆಯವರಿಗೆ ಮುಂಬಯಿ ರಾಜಧಾನಿ. ಕನ್ನಡ ಸಾಹಿತ್ಯ ಸಮ್ಮೇಳನ 1935ರಲ್ಲೂ 1951ರಲ್ಲೂ ಮುಂಬಯಿಯಲ್ಲಿ, 1941ರಲ್ಲಿ ಹೈದರಾಬಾದಿನಲ್ಲಿ, 1945ರಲ್ಲಿ ಮದ್ರಾಸಿನಲ್ಲಿ, 1950ರಲ್ಲಿ ಸೊಲ್ಲಾಪುರದಲ್ಲಿ ನಡೆಯಿತು. 1951ರ ಅಧ್ಯಕ್ಷರು ಮಂಜೇಶ್ವರದ ಗೋವಿಂದ ಪೈ. 1956ರಲ್ಲಿ ಗಡಿ ಗಟ್ಟಿಯಾದ ಮೇಲೆ ಸಮ್ಮೇಳನ ಹೊರಗೆ ಹೋಗುವುದು ಅಪರೂಪವಾಯಿತು. 1978ರಲ್ಲಿ ದೆಹಲಿಯಲ್ಲಿ ಜಿ.ಪಿ. ರಾಜರತ್ನಂ ಅವರ ಅಧ್ಯಕ್ಷತೆಯಲ್ಲಿ ನಡೆದದ್ದು ಅಂಥ ಅಪರೂಪಗಳಲ್ಲೊಂದು.

ವಿದೇಶದ ಸಂಘಗಳು ಎರಡು ಅಲೆಗಳಲ್ಲಿ ಬಂದವು. ಅಮೆರಿಕ 1965ರಲ್ಲಿ ತನ್ನ ವಲಸೆ ಕಾಯ್ದೆ ಬದಲಿಸಿದ ಮೇಲೆ ವೈದ್ಯರು, ಎಂಜಿನಿಯರುಗಳು, ಪ್ರಾಧ್ಯಾಪಕರು ಹೋದರು. 1970ರ ದಶಕದ ಆರಂಭದಲ್ಲಿ ಕೂಟಗಳು ಒಂದರ ಹಿಂದೊಂದು ತಲೆಯೆತ್ತಿದವು. ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟವೂ ಟೊರಾಂಟೊ ಕನ್ನಡ ಸಂಘವೂ 1973ರವು. ಬ್ರಿಟನ್ನಿನಲ್ಲಿ ಕನ್ನಡ ಬಳಗ 1983ರಲ್ಲಿ ಹುಟ್ಟಿತು. ಎರಡನೆಯ ಅಲೆ ಸಾಫ್ಟ್‌ವೇರಿನದು. 1990ರ ದಶಕದಿಂದ ಬೆಂಗಳೂರು ಮೂಲಕ ಹೊರಟವರ ಸಂಖ್ಯೆ ಹಳೆಯ ಕೂಟಗಳನ್ನು ಹಿಗ್ಗಿಸಿತು, ಹೊಸವನ್ನೂ ಹುಟ್ಟಿಸಿತು. ಕೊಲ್ಲಿಯ ದಾರಿ ಬೇರೆ. ಅಲ್ಲಿ ಪೌರತ್ವ ಸಿಗುವುದಿಲ್ಲ, ನೌಕರಿ ಮುಗಿದರೆ ಮರಳಲೇಬೇಕು. ಹಾಗಾಗಿ ದುಬೈ, ಅಬುಧಾಬಿ, ಬಹರೈನ್, ಕುವೈತ್, ಕತಾರ್‌ಗಳ ಸಂಘಗಳಲ್ಲಿ ಸದಸ್ಯರು ಬದಲಾಗುತ್ತಲೇ ಇರುತ್ತಾರೆ.

ಹೆಸರಿಡುವ ರೀತಿ

ಭಾರತದೊಳಗಿನ ಸಂಸ್ಥೆಗಳು ಸಂಘ, ಸಮಾಜ, ಮಂಡಳಿ ಎಂಬ ಗಂಭೀರ ಪದಗಳಲ್ಲಿ ನಿಂತವು. ಅಮೆರಿಕದವರು ಕೂಟ ಎಂಬ ಹಗುರ ಮಾತನ್ನು ಹಿಡಿದು ಅದಕ್ಕೊಂದು ಅಂಕಿತವನ್ನೂ ಸೇರಿಸಿದರು. ವಾಷಿಂಗ್ಟನ್ ಸುತ್ತಿನದು ಕಾವೇರಿ, ನ್ಯೂಜೆರ್ಸಿಯದು ಬೃಂದಾವನ, ಡೆಟ್ರಾಯಿಟಿನದು ಪಂಪ, ಷಿಕಾಗೊದು ವಿದ್ಯಾರಣ್ಯ, ಅಟ್ಲಾಂಟದ್ದು ನೃಪತುಂಗ, ಬಾಸ್ಟನ್ ಕಡೆಯದು ಮಂದಾರ, ಕನೆಕ್ಟಿಕಟ್‌ನದು ಹೊಯ್ಸಳ, ಫ್ಲಾರಿಡಾದ್ದು ಶ್ರೀಗಂಧ, ಫಿಲಡೆಲ್ಫಿಯಾ ಸುತ್ತಿನದು ತ್ರಿವೇಣಿ, ಉತ್ತರ ಕ್ಯಾರೊಲಿನಾದ್ದು ಸಂಪಿಗೆ, ಡಲ್ಲಾಸಿನದು ಮಲ್ಲಿಗೆ, ಸಿಯಾಟಲ್‌ನದು ಸಹ್ಯಾದ್ರಿ. ಹೊಳೆ, ಹೂವು, ಮರ, ಬೆಟ್ಟ, ಅರಸ, ಕವಿ ಎಲ್ಲವೂ ಪಟ್ಟಿಯಲ್ಲಿವೆ. ಕಾವೇರಿ ಇದ್ದಷ್ಟು ಸಲೀಸಾಗಿ ಮಲಪ್ರಭೆ, ಘಟಪ್ರಭೆಗಳು ಈ ಪಟ್ಟಿಗೆ ಬರಲಿಲ್ಲ ಎಂಬುದನ್ನೂ ಗುರುತಿಸಬಹುದು. ಮೊದಲ ಅಲೆಯಲ್ಲಿ ಹೋದವರಲ್ಲಿ ಹಳೆ ಮೈಸೂರಿನವರೇ ಹೆಚ್ಚು.

ರಚನೆ

ಭಾರತದ 1860ರ ಸಂಘ ನೋಂದಣಿ ಕಾಯ್ದೆಯಂತೆ ಸಂಘವೊಂದಕ್ಕೆ ಕನಿಷ್ಠ 7 ಮಂದಿ ಬೇಕು. ಜರ್ಮನಿಯ ನಾಗರಿಕ ಸಂಹಿತೆಯೂ ನೋಂದಾಯಿತ ಸಂಘಕ್ಕೆ ಕೇಳುವುದು 7 ಸದಸ್ಯರನ್ನೇ. ಫ್ರಾಂಕ್‌ಫರ್ಟಿನ ರೈನ್‌-ಮೈನ್ ಕನ್ನಡ ಸಂಘದಂಥ ಸಂಸ್ಥೆಗಳು ಇರುವುದು ಆ ಚೌಕಟ್ಟಿನಲ್ಲಿ. ಅಮೆರಿಕದಲ್ಲಿ ಲಾಭರಹಿತ ಸಂಸ್ಥೆಯೆಂದು ತೆರಿಗೆ ವಿನಾಯಿತಿ ಪಡೆಯುವುದು ವಾಡಿಕೆ.

ಒಳಗಿನ ಏರ್ಪಾಡು ಎಲ್ಲೆಡೆ ಹೆಚ್ಚುಕಡಿಮೆ ಒಂದೇ: ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಕಾರ್ಯಕಾರಿ ಸಮಿತಿ, ವಾರ್ಷಿಕ ಮಹಾಸಭೆ, ವಂತಿಗೆ. ಸಂಘದ ಆಯುಷ್ಯವನ್ನು ತೀರ್ಮಾನಿಸುವುದು ಮಾತ್ರ ಕಟ್ಟಡ. ಮುಂಬಯಿಯ ಮಾಟುಂಗ ಪಶ್ಚಿಮದಲ್ಲಿ ಕರ್ನಾಟಕ ಸಂಘಕ್ಕೆ ಡಾ. ವಿಶ್ವೇಶ್ವರಯ್ಯ ಸ್ಮಾರಕ ಮಂದಿರವಿದೆ, ಮಾಟುಂಗ ಪೂರ್ವದಲ್ಲಿ ಮೈಸೂರು ಅಸೋಸಿಯೇಷನ್ನಿಗೆ ಸ್ವಂತ ಸಭಾಗೃಹವಿದೆ, ದೆಹಲಿಯ ಸಂಘಕ್ಕೆ ರಾವ್ ತುಲಾರಾಮ್ ಮಾರ್ಗದಲ್ಲಿ ಭವನವಿದೆ. ಸಭಾಗೃಹದ ಬಾಡಿಗೆಯೇ ಸಂಘವನ್ನು ಸಾಕುತ್ತದೆ. ಕಟ್ಟಡವಿಲ್ಲದ ಕೂಟ ಶಾಲೆಯದೋ ದೇವಸ್ಥಾನದ್ದೋ ಸಭಾಂಗಣ ಸಿಗುವ ಶನಿವಾರಕ್ಕೆ ಕಾಯಬೇಕು. ನವೆಂಬರ್ 1ರ ರಾಜ್ಯೋತ್ಸವ ವಿದೇಶಗಳಲ್ಲಿ ನವೆಂಬರ್ ತಿಂಗಳ ಯಾವುದಾದರೂ ವಾರಾಂತ್ಯಕ್ಕೋ ಡಿಸೆಂಬರಿಗೋ ಸರಿಯುವುದು ಅದಕ್ಕೇ.

ಒಕ್ಕೂಟಗಳು ಈಚಿನವು. ಅಮೆರಿಕದ ಕೂಟಗಳು ಸೇರಿ 1998ರಲ್ಲಿ ಅಕ್ಕ ಎಂಬ ಒಕ್ಕೂಟ ಕಟ್ಟಿದವು. ಅದರ ಮೊದಲ ವಿಶ್ವ ಕನ್ನಡ ಸಮ್ಮೇಳನ 2000ದಲ್ಲಿ ಹ್ಯೂಸ್ಟನ್‌ನಲ್ಲಿ ನಡೆಯಿತು, ಮುಂದೆ ಎರಡು ವರ್ಷಕ್ಕೊಮ್ಮೆ ಊರು ಬದಲಿಸುತ್ತ ಸಾಗಿತು. ಅನಂತರ ನಾವಿಕ ಎಂಬ ಇನ್ನೊಂದು ಒಕ್ಕೂಟ ಬಂತು. ಅದರ ಸಮ್ಮೇಳನಗಳು ಲಾಸ್ ಏಂಜಲಿಸ್‌ನಿಂದ ಆರಂಭವಾದವು. ಒಂದೇ ಖಂಡದಲ್ಲಿ ಎರಡು ಒಕ್ಕೂಟ ಏಕೆ ಎಂಬ ಪ್ರಶ್ನೆ ಕರ್ನಾಟಕದ ಯಾವುದೇ ಊರಿನ ಗಣೇಶೋತ್ಸವ ಸಮಿತಿಗಳನ್ನು ಕಂಡವರಿಗೆ ಹೊಸದೆನಿಸದು.

ಬಾಗಲಕೋಟೆ ಸೀಮೆ ಮತ್ತು ಗೋವಾ

ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಲ್ಲಿ ನರಗುಂದಕ್ಕೂ ಕೆರೂರಿಗೂ ನಡುವೆ, ಬಾದಾಮಿ ಕಡೆಯ ದಾರಿ ಬಂದು ಕೂಡುವ ಜಾಗವೇ ಕುಳಗೇರಿ ಕ್ರಾಸ್. ಹುಬ್ಬಳ್ಳಿ ದಾಟಿ ಗೋವಾಕ್ಕೋ ಮಂಗಳೂರು ಕಡೆಗೋ ದುಡಿಯಲು ಹೊರಟವರು ಹಾಸಿಗೆ ಗಂಟು, ಪಾತ್ರೆ, ಜೋಳದ ಚೀಲ ಇಟ್ಟುಕೊಂಡು ಬಸ್ಸು ಕಾಯುವ ನಿಲ್ದಾಣಗಳಲ್ಲಿ ಇದೂ ಒಂದು. ಬಾದಾಮಿ, ಹುನಗುಂದ, ಇಳಕಲ್ಲ ತಾಲ್ಲೂಕುಗಳ ಬಹುಪಾಲು ಹೊಲ ಮಳೆಯನ್ನೇ ನಂಬಿದ್ದು. ಸಜ್ಜೆ, ಜೋಳ, ಶೇಂಗಾ ಕೈಗೆ ಬಂದ ಮೇಲೆ ಊರಲ್ಲಿ ಕೂಲಿಯಿಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಾಗಲಕೋಟೆ ಸುತ್ತಿನ ಹಳ್ಳಿಗಳನ್ನೂ ಹಳೆ ಪಟ್ಟಣದ ಒಂದು ಭಾಗವನ್ನೂ ಮುಳುಗಿಸಿದಾಗ ನೆಲ ಕಳೆದುಕೊಂಡವರೂ ಈ ದಾರಿ ಹಿಡಿದರು.

ಗೋವಾ 1961ರಲ್ಲಿ ಪೋರ್ಚುಗೀಸರಿಂದ ಬಿಡುಗಡೆಯಾದ ಮೇಲೆ ರಸ್ತೆ, ಬಂದರು, ಗಣಿ, ಹೋಟೆಲು, ಮನೆ ಕಟ್ಟುವ ಕೆಲಸಗಳು ಹೆಚ್ಚಿದವು. ಗೌಂಡಿ ಕೆಲಸ, ಕಲ್ಲು ಒಡೆಯುವುದು, ಜಲ್ಲಿ ಹೊರುವುದು, ಮೀನು ದಕ್ಕೆಯ ಹಮಾಲಿ, ಮನೆಗೆಲಸ, ತರಕಾರಿ ವ್ಯಾಪಾರ ಇವುಗಳಲ್ಲಿ ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ ಜಿಲ್ಲೆಗಳವರು ದೊಡ್ಡ ಸಂಖ್ಯೆಯಲ್ಲಿ ಸೇರಿಕೊಂಡರು. 2011ರ ಜನಗಣತಿಯಲ್ಲಿ ಗೋವಾದ ಜನರಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು ಶೇ. 4.6; ಕೊಂಕಣಿ, ಮರಾಠಿ, ಹಿಂದಿಗಳ ನಂತರದ ಸ್ಥಾನ ಕನ್ನಡದ್ದು. ಲಂಬಾಣಿ, ಉರ್ದು ಮನೆಮಾತಿನವರು ಈ ಲೆಕ್ಕಕ್ಕೆ ಬರುವುದಿಲ್ಲ. ಅವರಿಗೂ ಊರಿನ ಭಾಷೆ ಕನ್ನಡವೇ. ತಾಂಡಾದಿಂದ ಬಂದ ಕುಟುಂಬವೊಂದರಲ್ಲಿ ಮನೆಯೊಳಗೆ ಲಂಬಾಣಿ, ಊರವರೊಡನೆ ಕನ್ನಡ, ಮೇಸ್ತ್ರಿಯೊಡನೆ ಹಿಂದಿ, ಸಂತೆಯಲ್ಲಿ ಕೊಂಕಣಿ ನಡೆಯುವುದು ಸಾಮಾನ್ಯ.

ವಾಸ್ಕೊ, ಜುವಾರಿನಗರ, ಪಣಜಿ, ಮಡಗಾಂವ, ಮಾಪುಸಾ, ಪೋಂಡಾ ಮೊದಲಾದ ಕಡೆ ಕನ್ನಡಿಗರ ಸಂಘಗಳಿವೆ. ಇವುಗಳ ಕೆಲಸ ಅಮೆರಿಕದ ಕೂಟಗಳ ಕೆಲಸದಂತಲ್ಲ. ಪಡಿತರ ಚೀಟಿ, ಮತದಾರರ ಗುರುತಿನ ಚೀಟಿ, ಶಾಲೆಯ ದಾಖಲೆ, ಕೂಲಿ ಬಾಕಿ, ಠಾಣೆಯ ತಕರಾರು, ತೀರಿಹೋದವರ ದೇಹವನ್ನು ಊರಿಗೆ ಸಾಗಿಸುವುದು ಮುಂತಾದವು ಮೊದಲು. ರಾಜ್ಯೋತ್ಸವ, ಬಸವ ಜಯಂತಿಗಳು ಆಮೇಲೆ. 2004ರಲ್ಲಿ ವಾಸ್ಕೊದ ಬೈನಾ ಕಡಲತೀರದ ವಸತಿಗಳನ್ನು ನೆಲಸಮ ಮಾಡಿದಾಗ ನೆಲೆ ತಪ್ಪಿದವರಲ್ಲಿ ಕನ್ನಡಿಗರು ಬಹಳ. ಮುಂದೆಯೂ ತೆರವು ನಡೆದಾಗಲೆಲ್ಲ ಸಂಘಗಳು ಕರ್ನಾಟಕ ಸರ್ಕಾರದ ಬಾಗಿಲು ತಟ್ಟಿವೆ. ಘಟ್ಟದ ಮೇಲಿನವರು ಎಂಬರ್ಥದ ಘಾಂಟಿ ಎಂಬ ಮಾತು ಗೋವಾದಲ್ಲಿ ಬೈಗುಳವಾಗಿಯೂ ಬಳಕೆಯಲ್ಲಿದೆ. ಅಂಥ ಕಡೆ ಬೀದಿಯಲ್ಲಿ ಕನ್ನಡ ಮಾತಾಡುವುದಕ್ಕೂ ಜನ ಹಿಂಜರಿಯುತ್ತಾರೆ. ಸಂಘದ ಹಳದಿ-ಕೆಂಪು ಬಾವುಟಕ್ಕೆ ಅಲ್ಲಿ ಇರುವ ಅರ್ಥ ಬೇರೆಡೆ ಇರುವುದಕ್ಕಿಂತ ತುಸು ಹೆಚ್ಚು.

ಗೋವಾ ಸರ್ಕಾರವೇ ನಡೆಸುವ ಕನ್ನಡ ಪ್ರಾಥಮಿಕ ಶಾಲೆಗಳು ಕೆಲವೆಡೆ ಇವೆ. ಗೋವಾದಲ್ಲಿ ಪ್ರಾಥಮಿಕ ಹಂತ ನಾಲ್ಕನೆಯ ತರಗತಿಗೆ ಮುಗಿಯುತ್ತದೆ. ಮುಂದೆ ಕನ್ನಡ ಮಾಧ್ಯಮ ವಿರಳ. ಆಗ ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋಗಬೇಕು, ಇಲ್ಲವೇ ಊರಲ್ಲಿರುವ ಅಜ್ಜ-ಅಜ್ಜಿಯ ಬಳಿಗೆ ಬರಬೇಕು.

ಭಾಷಾ ಶಿಕ್ಷಣ

ಎಲ್ಲ ಸಂಘಗಳ ಧ್ಯೇಯವಾಕ್ಯದಲ್ಲೂ ಭಾಷೆ ಮೊದಲು ಬರುತ್ತದೆ. ಕಾರ್ಯಕ್ರಮಪಟ್ಟಿಯಲ್ಲಿ ಮೊದಲು ಬರುವುದು ಹಬ್ಬ. ಯುಗಾದಿಯ ಬೇವು-ಬೆಲ್ಲ, ಸಂಕ್ರಾಂತಿಯ ಎಳ್ಳು-ಬೆಲ್ಲ, ಗಣೇಶನ ಹಬ್ಬ, ದೀಪಾವಳಿ-ರಾಜ್ಯೋತ್ಸವ ಇವಿಷ್ಟು ಸಾಗರದಾಚೆಯೂ ತಪ್ಪುವುದಿಲ್ಲ. ಹಬ್ಬಕ್ಕೆ ಒಂದು ದಿನ ಸಾಕು. ತರಗತಿಗೆ ವರ್ಷವಿಡೀ ವಾರಕ್ಕೊಮ್ಮೆ ಬರುವ ಗುರು ಬೇಕು, ಕರೆತರುವ ತಂದೆತಾಯಿ ಬೇಕು.

ಮುಂಬಯಿ ಇದನ್ನು ರಾತ್ರಿಶಾಲೆಯ ಮೂಲಕ ಸಾಧಿಸಿತು. ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರು ಕೆಲಸ ಮುಗಿಸಿ ಬಂದು ಕನ್ನಡದಲ್ಲಿ ಪಾಠ ಕೇಳಿ ಮೆಟ್ರಿಕ್ ಪಾಸಾದರು. ಅವರಲ್ಲಿ ಅನೇಕರು ಮುಂದೆ ವಕೀಲರು, ಲೆಕ್ಕಿಗರು, ಹೋಟೆಲು ಮಾಲೀಕರು, ಬರಹಗಾರರು ಆದರು. ವಡಾಲದ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿ ಹಗಲು ಶಾಲೆಗಳನ್ನು ಕಟ್ಟಿತು. ಮುಂಬಯಿ ಮಹಾನಗರಪಾಲಿಕೆಯೂ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಗಳನ್ನು ನಡೆಸುತ್ತ ಬಂದಿದೆ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಹೊರನಾಡ ಸಾಹಿತ್ಯದ ಅಧ್ಯಯನವನ್ನೇ ಒಂದು ಮುಖ್ಯ ಕೆಲಸವಾಗಿ ಮಾಡಿಕೊಂಡಿದೆ. ಪುಣೆಯ ಸಂಘದ ಕಾವೇರಿ ವಿದ್ಯಾಸಂಸ್ಥೆಗಳೂ ದೆಹಲಿಯ ಲೋಧಿ ಎಸ್ಟೇಟಿನ ಕನ್ನಡ ಶಾಲೆಯೂ ಹೈದರಾಬಾದಿನ ನೃಪತುಂಗ ಶಾಲೆಯೂ ಈ ಸಾಲಿಗೆ ಸೇರುತ್ತವೆ. ಇವುಗಳಲ್ಲಿ ಕೆಲವು ಇಂದು ಇಂಗ್ಲಿಷ್ ಮಾಧ್ಯಮದ ಶಾಲೆಗಳಾಗಿದ್ದು ಕನ್ನಡ ಅಲ್ಲಿ ಒಂದು ವಿಷಯ ಮಾತ್ರ.

ವಿದೇಶದಲ್ಲಿ ನಡೆಯುವುದು ವಾರಾಂತ್ಯದ ‘ಕನ್ನಡ ಕಲಿ’ ತರಗತಿ. ಪಾಠ ಹೇಳುವವರು ಸಂಬಳವಿಲ್ಲದ ಸ್ವಯಂಸೇವಕರು, ಬಹುಪಾಲು ತಾಯಂದಿರು. ದುಬೈಯಲ್ಲಿ ಉಚಿತ ಕನ್ನಡ ಪಾಠಶಾಲೆ 2014ರಿಂದ ನಡೆದಿದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ ಸಮುದಾಯ ಭಾಷಾ ಶಾಲೆಗಳಿಗೆ ಧನಸಹಾಯ ಕೊಡುತ್ತದೆ, ಸಿಡ್ನಿಯ ಕನ್ನಡ ಶಾಲೆಗಳು ನಡೆಯುವುದು ಆ ವ್ಯವಸ್ಥೆಯೊಳಗೆ.

ಈ ತರಗತಿಗಳಲ್ಲಿ ಎದುರಾಗುವ ತೊಡಕುಗಳು ಎಲ್ಲೆಡೆ ಒಂದೇ ಬಗೆಯವು. ನ-ಣ, ಲ-ಳಗಳ ಭೇದ ಇಂಗ್ಲಿಷಿಗೆ ಪಳಗಿದ ನಾಲಿಗೆಗೆ ಕೂಡಲೇ ಒಗ್ಗದು. ಹಾಗೆಯೇ ಹಲ್ಲಿನ ತ, ದ ಮತ್ತು ಟ, ಡ ಬೆರೆತುಹೋಗುತ್ತವೆ. ಒತ್ತಕ್ಷರ ಬಂದಾಗ ಓದು ನಿಲ್ಲುತ್ತದೆ. ‘ಅಜ್ಜಿ’ ಎಂದು ದಿನಾ ಕರೆಯುವ ಮಗು ಅದೇ ಪದವನ್ನು ಪುಟದಲ್ಲಿ ಕಂಡಾಗ ಜಕಾರದ ಕೆಳಗಿನ ಒತ್ತನ್ನು ಬೇರೆ ಅಕ್ಷರವೆಂದು ತಿಳಿದು ‘ಅಜಿಜ’ ಎಂದು ಓದುವುದುಂಟು. ಕರ್ನಾಟಕದ ಪಠ್ಯದಲ್ಲಿ ಬರುವ ಗಾಣ, ಕಣಜ, ನೊಗ, ಕುಂಟೆಗಳಿಗೆ ಮಗುವಿನ ಅನುಭವದಲ್ಲಿ ವಸ್ತುವೇ ಇಲ್ಲ. ಹಾಗಾಗಿ ಹಿಮ, ಶಾಲಾಬಸ್ಸು, ಅಳಿಲು, ಮೇಪಲ್ ಎಲೆಗಳನ್ನು ಸೇರಿಸಿ ತಮ್ಮದೇ ಪಾಠಗಳನ್ನು ಬರೆದುಕೊಂಡ ಕೂಟಗಳೂ ಇವೆ.

ಯಾವ ಕನ್ನಡ ಎಂಬುದು ಇನ್ನೊಂದು ಪ್ರಶ್ನೆ. ಪುಸ್ತಕ ‘ಹೋಗೋಣ, ಬನ್ನಿ’ ಎನ್ನುತ್ತದೆ. ಬಾಗಲಕೋಟೆ ಕಡೆಯ ಮನೆಯಲ್ಲಿ ಮಗು ಕೇಳುವುದು ‘ಹೋಗೂಣು, ಬರ್ರಿ’. ಕರಾವಳಿಯ ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ನಡೆಯುತ್ತಿರಬಹುದು. ತರಗತಿ ಕಲಿಸುವುದು ಬೆಂಗಳೂರಿನ ಪುಸ್ತಕದ ಕನ್ನಡವನ್ನು. ಮನೆಯ ಮಾತು ತಪ್ಪು ಎಂಬ ಭಾವ ಮಗುವಿಗೆ ಬರದಂತೆ ನೋಡಿಕೊಳ್ಳುವ ಗುರುಗಳಿದ್ದಾರೆ, ಗಮನಿಸದವರೂ ಇದ್ದಾರೆ. ಬರೆಯಲು ಬಾರದ ಮಕ್ಕಳು ವೇದಿಕೆಯ ನಾಟಕಕ್ಕೆ ಮಾತುಗಳನ್ನು ರೋಮನ್ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುವುದು ಸಾಮಾನ್ಯ. ಚಪ್ಪಾಳೆ ಬೀಳುತ್ತದೆ, ಅಕ್ಷರ ಬರುವುದಿಲ್ಲ.

ಪತ್ರಿಕೆ, ಸಾಹಿತ್ಯ, ರಂಗಭೂಮಿ

ಮೈಸೂರು ಅಸೋಸಿಯೇಷನ್ನಿನ ‘ನೇಸರು’, ಕರ್ನಾಟಕ ಸಂಘದ ‘ಸ್ನೇಹ ಸಂಬಂಧ’, ಮೊಗವೀರ ಮಂಡಳಿಯ ‘ಮೊಗವೀರ’, ದೆಹಲಿ ಸಂಘದ ‘ಅಭಿಮತ’, ಉತ್ತರ ಕ್ಯಾಲಿಫೋರ್ನಿಯಾ ಕೂಟದ ‘ಸ್ವರ್ಣಸೇತು’ ಇವು ಸಂಘಗಳ ಪತ್ರಿಕೆಗಳು. ‘ಕರ್ನಾಟಕ ಮಲ್ಲ’ ಮುಂಬಯಿಯಿಂದಲೇ ಹೊರಡುವ ಕನ್ನಡ ದಿನಪತ್ರಿಕೆ. ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳರಂಥ ಕಾದಂಬರಿಕಾರರು ಮುಂಬಯಿಯಲ್ಲಿದ್ದುಕೊಂಡೇ ಬರೆದರು. ಚಿತ್ತಾಲರ ‘ಶಿಕಾರಿ’ ಆ ನಗರವಿಲ್ಲದೆ ಹುಟ್ಟುತ್ತಿರಲಿಲ್ಲ. ಅಮೆರಿಕದಲ್ಲಿ ಕನ್ನಡ ಸಾಹಿತ್ಯ ರಂಗ 2004ರಲ್ಲಿ ಫಿಲಡೆಲ್ಫಿಯಾದಲ್ಲಿ ಮೊದಲ ಸಮ್ಮೇಳನ ನಡೆಸಿತು. ಅಂದಿನಿಂದ ಅಲ್ಲಿಯ ಬರಹಗಾರರ ಪುಸ್ತಕಗಳನ್ನೂ ಹೊರತರುತ್ತಿದೆ.

ರಂಗಭೂಮಿಯ ಮಟ್ಟಿಗೆ ಸಂಘಗಳು ತಾಯಿನಾಡಿನ ಹವ್ಯಾಸಿ ತಂಡಗಳನ್ನು ಕರೆಸಿಕೊಳ್ಳುವುದೂ ತಾವೇ ಆಡುವುದೂ ಉಂಟು. ಕರಾವಳಿಯವರಿಗೆ ಯಕ್ಷಗಾನ ಹೇಗೋ ಬಾಗಲಕೋಟೆ, ಬೆಳಗಾವಿ ಕಡೆಯವರಿಗೆ ಶ್ರೀಕೃಷ್ಣ ಪಾರಿಜಾತ, ಭಜನೆ, ಡೊಳ್ಳಿನ ಪದ ಹಾಗೆ. ಯಕ್ಷಗಾನಕ್ಕೆ ಮುಂಬಯಿಯಲ್ಲೂ ದುಬೈಯಲ್ಲೂ ವೇದಿಕೆ ಸಿಕ್ಕಿದೆ. ಪಾರಿಜಾತಕ್ಕೆ ಅಷ್ಟು ಸಿಕ್ಕಿಲ್ಲ. ಅದನ್ನು ಆಡುವ ಜನ ಕಟ್ಟಡದ ಕೂಲಿಯಲ್ಲಿದ್ದಾರೆ, ಸಭಾಂಗಣ ಬುಕ್ ಮಾಡುವ ಸ್ಥಾನದಲ್ಲಿಲ್ಲ.

ಉಡುಗೆಯಲ್ಲಿ ಮಾತ್ರ ಬಾಗಲಕೋಟೆ ಸೀಮೆ ಎಲ್ಲೆಡೆ ಕಾಣುತ್ತದೆ. ರಾಜ್ಯೋತ್ಸವದ ವೇದಿಕೆಯಲ್ಲಿ ಇಳಕಲ್ಲ ಸೀರೆ ಇರಲೇಬೇಕು. ಹತ್ತಿಯೋ ರೇಷ್ಮೆಯೋ ಆದ ಒಡಲು, ಕೆಂಪು ತೋಪಿನ ಸೆರಗು, ಎರಡನ್ನೂ ಕೊಂಡಿ ಹಾಕಿ ಜೋಡಿಸುವ ನೇಯ್ಗೆ, ಜೊತೆಗೆ ಗುಳೇದಗುಡ್ಡದ ಖಣದ ಕುಪ್ಪಸ. ಹುನಗುಂದ ತಾಲ್ಲೂಕಿನ ಕೂಡಲಸಂಗಮದ ನಂಟಿನಿಂದ ಬಸವಣ್ಣನೂ ಹೊರನಾಡಿನ ಮುಖ್ಯ ಗುರುತು. ಲಂಡನ್‌ನಲ್ಲಿ ಥೇಮ್ಸ್ ದಂಡೆಯ ಬಸವೇಶ್ವರ ಪ್ರತಿಮೆ 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರಿಂದ ಅನಾವರಣಗೊಂಡಿತು.

ಜರ್ಮನ್ ವಲಸಿಗ ಸಂಘಗಳೊಡನೆ ಹೋಲಿಕೆ

ವಲಸಿಗರ ಭಾಷಾ ಸಂಘಗಳಿಗೆ ಹಳೆಯ ಉದಾಹರಣೆ ಅಮೆರಿಕದ ಜರ್ಮನರದು. ಫಿಲಡೆಲ್ಫಿಯಾದಲ್ಲಿ 1764ರಲ್ಲಿ ಹುಟ್ಟಿದ ಪೆನ್ಸಿಲ್ವೇನಿಯಾದ ಜರ್ಮನ್ ಸೊಸೈಟಿ ಆರಂಭದಲ್ಲಿ ಹಡಗಿಳಿದ ಬಡವರ ನೆರವಿಗೆ ನಿಂತದ್ದು, ಭಾಷೆಯ ಕೆಲಸ ಆಮೇಲಿನದು. ಮೊಗವೀರ ಮಂಡಳಿಯ ದಾರಿಯೂ ಅದೇ. 19ನೆಯ ಶತಮಾನದಲ್ಲಿ ವ್ಯಾಯಾಮ ಸಂಘ, ಗಾಯನ ಸಂ‍ಘ, ಜರ್ಮನ್ ಶಾಲೆ, ಜರ್ಮನ್ ಪತ್ರಿಕೆ ಎಲ್ಲವೂ ಅವರಿಗಿದ್ದವು. ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನ್ ಶತ್ರುಭಾಷೆಯಾಯಿತು. ನೆಬ್ರಾಸ್ಕ ರಾಜ್ಯ 1919ರಲ್ಲಿ ಎಂಟನೆಯ ತರಗತಿ ಮುಗಿಯದ ಮಕ್ಕಳಿಗೆ ಆಧುನಿಕ ಅನ್ಯಭಾಷೆ ಕಲಿಸುವುದನ್ನೇ ನಿಷೇಧಿಸಿತು. ಅಮೆರಿಕದ ಸುಪ್ರೀಂ ಕೋರ್ಟು 1923ರಲ್ಲಿ ಆ ಕಾಯ್ದೆಯನ್ನು ತಳ್ಳಿಹಾಕಿತು, ಆದರೆ ಅಷ್ಟರೊಳಗೆ ಎಷ್ಟೋ ಶಾಲೆಗಳು ಇಂಗ್ಲಿಷಿಗೆ ತಿರುಗಿದ್ದವು.

ತಿರುಗುಮುರುಗಿನ ಉದಾಹರಣೆ ಬಾಗಲಕೋಟೆ ಜಿಲ್ಲೆಯಲ್ಲೇ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಜರ್ಮನ್ ಮಾತಿನ ಪಾದ್ರಿಗಳು ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳನ್ನು ದಾಟಿ 1851ರಲ್ಲಿ ಗುಳೇದಗುಡ್ಡದಲ್ಲಿ ಠಾಣ್ಯ ತೆರೆದರು. ಅವರು ಇಲ್ಲಿ ಜರ್ಮನ್ ಉಳಿಸುವ ಸಂಘ ಕಟ್ಟಲಿಲ್ಲ, ಕನ್ನಡ ಕಲಿತರು. ಅವರಲ್ಲಿ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ತಂದರು, ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಅಚ್ಚಾಯಿತು. 1914ರಲ್ಲಿ ಯುದ್ಧ ಶುರುವಾದಾಗ ಬ್ರಿಟಿಷರು ಜರ್ಮನ್ ಪಾದ್ರಿಗಳನ್ನು ಸೆರೆಶಿಬಿರಗಳಿಗೆ ಕಳುಹಿಸಿದರು. ಅವರ ಭಾಷೆಯಿಂದ ಈ ಸೀಮೆಯಲ್ಲಿ ಉಳಿದದ್ದು ಹೆಚ್ಚೆಂದರೆ ಬೆಟಗೇರಿಯ ದವಾಖಾನೆಯನ್ನು ಜನ ಜರ್ಮನ್ ಆಸ್ಪತ್ರೆ ಎನ್ನುವುದರಲ್ಲಿ.

ಸರ್ಕಾರ ಮತ್ತು ಕಾನೂನು

ಸಂವಿಧಾನದ 29 ಮತ್ತು 30ನೆಯ ವಿಧಿಗಳು ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ನುಡಿ ಉಳಿಸಿಕೊಳ್ಳುವ, ಶಾಲೆ ನಡೆಸುವ ಹಕ್ಕು ಕೊಡುತ್ತವೆ. 1956ರ ಏಳನೆಯ ತಿದ್ದುಪಡಿಯಲ್ಲಿ ಸೇರಿದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಏರ್ಪಾಡಿಗೆ ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. ಕರ್ನಾಟಕದ ಕಡೆಯಿಂದ ಕನ್ನಡ ಸಾಹಿತ್ಯ ಪರಿಷತ್ತಿನ ಗಡಿನಾಡು ಮತ್ತು ಹೊರನಾಡು ಘಟಕಗಳು, 1994ರ ಕಾಯ್ದೆಯ ಕನ್ನಡ ಅಭಿವೃದ್ಧಿ ಪ್ರಾಧಿಕಾರ, 2010ರ ಕಾಯ್ದೆಯ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ, ಅನಿವಾಸಿ ಭಾರತೀಯ ಸಮಿತಿ ಈ ಸಂಘಗಳೊಡನೆ ವ್ಯವಹರಿಸುತ್ತವೆ. ಸರ್ಕಾರ ವಿಶ್ವ ಕನ್ನಡ ಸಮ್ಮೇಳನವನ್ನು 1985ರಲ್ಲಿ ಮೈಸೂರಿನಲ್ಲಿ, 2011ರಲ್ಲಿ ಬೆಳಗಾವಿಯಲ್ಲಿ ನಡೆಸಿತು. ಅನುದಾನ ಹೆಚ್ಚಾಗಿ ಭವನಕ್ಕೂ ಸಮ್ಮೇಳನಕ್ಕೂ ಹೋಗುತ್ತದೆ. ಗುರುವಿನ ಸಂಬಳಕ್ಕೆ ಹೋಗುವುದು ಕಡಿಮೆ.

ಇಂದಿನ ಸ್ಥಿತಿ

ಮುಂಬಯಿಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿಗೆ ಮಕ್ಕಳು ಕಡಿಮೆಯಾಗುತ್ತ ಹಲವು ಮುಚ್ಚಿವೆ. ಮೂರನೆಯ ತಲೆಮಾರು ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಬದುಕುತ್ತದೆ, ಸಂಘದ ಸಭೆಗಳಲ್ಲಿ ನರೆಗೂದಲು ಹೆಚ್ಚು. ವಿದೇಶದಲ್ಲಿ ಹೊಸ ಕುಟುಂಬಗಳು ಬರುತ್ತಲೇ ಇರುವುದರಿಂದ ಸಂಖ್ಯೆ ತಗ್ಗಿಲ್ಲ. ಆದರೆ ಅಲ್ಲೇ ಹುಟ್ಟಿದವರು ಕಾಲೇಜು ಸೇರಿದ ಮೇಲೆ ಕೂಟಕ್ಕೆ ಬರುವುದು ವಿರಳ. 2020ರ ಕೋವಿಡ್ ಸೋಂಕಿನ ಕಾಲದಲ್ಲಿ ತರಗತಿಗಳು ಪರದೆಗೆ ಹೋದವು, ಹಲವು ಅಲ್ಲೇ ಉಳಿದಿವೆ. ಸಂಘವಿಲ್ಲದ ಸಣ್ಣ ಊರಿನ ಮಗುವೂ ಇದರಿಂದ ದೂರದ ಗುರುವಿನ ಬಳಿ ಕಲಿಯುವಂತಾಗಿದೆ.

ಸಂಘವೇ ಇಲ್ಲದೆ ಭಾಷೆ ಉಳಿದ ಉದಾಹರಣೆಗಳೂ ಇವೆ. ತಮಿಳುನಾಡಿನ ಕೊಯಮತ್ತೂರು, ಸೇಲಂ ಕಡೆಯ ದೇವಾಂಗ ನೇಕಾರರು ಶತಮಾನಗಳ ಹಿಂದೆ ಕನ್ನಡನಾಡಿನಿಂದ ಹೋದವರು. ಕನ್ನಡ ಲಿಪಿ ಅವರಿಗೆ ಬಾರದು, ಓದುಬರಹ ತಮಿಳಿನಲ್ಲಿ. ಮನೆಯಲ್ಲಿ ಮಾತ್ರ ಇಂದಿಗೂ ಕನ್ನಡ ನಡೆಯುತ್ತದೆ. ಒಂದೇ ಬೀದಿಯ ವಾಸ, ಒಂದೇ ಕಸುಬು, ತಮ್ಮೊಳಗಿನ ಕೊಡುಕೊಳ್ಳುವಿಕೆ ಅದನ್ನು ಕಾದವು. ಮಗ್ಗದ ಕುಣಿಯಲ್ಲಿ ಕೂತ ತಂದೆಯೂ ಪಕ್ಕದಲ್ಲಿ ಕಂಡಿಕೆ ಸುತ್ತುವ ತಾಯಿಯೂ ದಿನವಿಡೀ ಮಗುವಿನೊಡನೆ ಆಡುವ ಮಾತು ಅದೇ. ವಾರಾಂತ್ಯದ ತರಗತಿಗೆ ಸಿಗುವುದು ವಾರದಲ್ಲಿ ಒಂದೋ ಎರಡೋ ಗಂಟೆ.

ಗೋವಾದ ಕಾರ್ಮಿಕ ಕುಟುಂಬಗಳಲ್ಲಿ ಊರಿನ ನಂಟು ಇನ್ನೂ ಕಡಿದಿಲ್ಲ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ ಕೂಡುತ್ತದೆ. ನಾಟಕ ಕಂಪನಿಗಳು ಅಲ್ಲಿ ವಾರಗಟ್ಟಲೆ ಬೀಡುಬಿಡುತ್ತವೆ. ರಜೆ ಸಿಕ್ಕ ಕೂಲಿಕಾರರು ಹೆಂಡಿರು ಮಕ್ಕಳೊಡನೆ ಆ ಹೊತ್ತಿಗೆ ಊರಿಗೆ ಬಂದು ತೇರು ನೋಡಿ, ರಾತ್ರಿ ನಾಟಕ ನೋಡಿ, ಜೋಳ ಬೀಸಿಸಿಕೊಂಡು ಹಿಂತಿರುಗುತ್ತಾರೆ.